ಅಚ್ಚಿನ ಮೊಳೆ ಕಂಡುಹಿಡಿದ ಚೀನಾದವರು ಅದನ್ನು ಯಾಕೆ ಕೈಬಿಟ್ಟರು?

ಜರ್ಮನಿಯಲ್ಲಿ 1450ರ ಸುಮಾರಿಗೆ ಬೈಬಲ್ ಅಚ್ಚು ಹಾಕಿದ ಗುಟೆನ್‌ಬರ್ಗ್‌ಗಿಂತ 400 ವರ್ಷ ಮೊದಲೇ ಮೊಳೆ (ಜೋಡಿಸಿ ಬಿಚ್ಚಬಹುದಾದ ಬಿಡಿ ಅಕ್ಷರದ ಅಚ್ಚು) ಇದ್ದೂ ಚೀನಾದವರು ಯಾಕೆ ಕೈಬಿಟ್ಟರು, ಸೆಮಿನಾರ್‌ಗೆ ಇದನ್ನೇ ತಗೊಳ್ಳಲಾ ಅಂತ ಕೇಳಿದ್ದೀರಿ. ಎಂ.ಎ. ಪ್ರಬಂಧಕ್ಕೆ ನಾನು ತಗೊಂಡಿದ್ದೂ ಇದೇ ಪ್ರಶ್ನೆ. ಮುಖ್ಯ ಅಧ್ಯಾಯವೇ ಬಿದ್ದುಹೋಯಿತು, ಒಂದು ವರ್ಷ ಹಾಳಾಯಿತು.

ಶುರು ಚೆನ್ನಾಗಿಯೇ ಇತ್ತು. 1040ರ ದಶಕದಲ್ಲಿ ಬಿ ಷೆಂಗ್ ಎಂಬ ಸಾಮಾನ್ಯ ಮನುಷ್ಯ ಜೇಡಿಮಣ್ಣಿನಲ್ಲಿ ಒಂದೊಂದೇ ಅಕ್ಷರ ಕೆತ್ತಿ, ಸುಟ್ಟು ಗಟ್ಟಿ ಮಾಡಿದ. ಕಬ್ಬಿಣದ ತಗಡಿನ ಮೇಲೆ ರಾಳ, ಮೇಣ, ಕಾಗದದ ಬೂದಿ ಹರಡಿ, ಚೌಕಟ್ಟಿನೊಳಗೆ ಮೊಳೆ ಜೋಡಿಸುತ್ತಿದ್ದ. ಬೆಂಕಿಗೆ ಹಿಡಿದಾಗ ಮೇಣ ಕರಗುತ್ತದೆ, ಹಲಗೆಯಿಂದ ಒತ್ತಿದರೆ ಮೊಳೆಗಳೆಲ್ಲ ಒಂದೇ ಮಟ್ಟಕ್ಕೆ ಕೂರುತ್ತವೆ. ಒಂದು ತಗಡಿನಿಂದ ಅಚ್ಚು ಹಾಕುತ್ತಿರುವಾಗಲೇ ಇನ್ನೊಂದು ತಯಾರಾಗುತ್ತಿತ್ತು. ಇದನ್ನೆಲ್ಲ ಬರೆದಿಟ್ಟವನು ಅದೇ ಶತಮಾನದ ವಿದ್ವಾಂಸ ಷೆನ್ ಕುವೊ. 

ಇಲ್ಲಿಂದ ಮುಂದೆ ಎಡವಿದೆ. 'ಚೀನೀ ಲಿಪಿಯಲ್ಲಿ ಸಾವಿರಾರು ಅಕ್ಷರ, ಹಾಗಾಗಿ ಮೊಳೆ ಸೋತಿತು, ಮುದ್ರಣ ಅಲ್ಲಿ ಬೆಳೆಯಲೇ ಇಲ್ಲ' ಎಂದು ಬರೆದುಬಿಟ್ಟೆ. ವೈವಾದಲ್ಲಿ ಹೊರಗಿನಿಂದ ಬಂದಿದ್ದ ಮೇಷ್ಟ್ರು ಕೇಳಿದ್ದು ಒಂದೇ ಪ್ರಶ್ನೆ: "ಹಾಗಾದ್ರೆ ಸೋಂಗ್ ರಾಜವಂಶದ ಕಾಲದಲ್ಲಿ (960–1279) ಸರ್ಕಾರಿ ಪರೀಕ್ಷೆಗೆ ಕೂತವರೆಲ್ಲ ಏನು ಓದಿದ್ರಪ್ಪಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಓದಿದ್ದು ಮರದಚ್ಚಿನ, ಅಂದರೆ ಇಡೀ ಪುಟವನ್ನು ಒಂದೇ ಹಲಗೆಯಲ್ಲಿ ಕೆತ್ತಿ ತೆಗೆದ ಪುಸ್ತಕ; ಅದನ್ನೇ ನಾನು 'ಹಳೆಯ ವಿಧಾನ' ಎಂದು ಅರ್ಧ ಪುಟದಲ್ಲಿ ದಾಟಿಬಿಟ್ಟಿದ್ದೆ. ನಾನು ಓದಿದ ಪುಸ್ತಕಗಳಲ್ಲಿ ಅದರ ವಿಷಯ ಬೇಕಾದಷ್ಟಿತ್ತು. 932ರಿಂದ 953ರವರೆಗೆ ಮಂತ್ರಿ ಫೆಂಗ್ ದಾವೊ ಕಾಲದಲ್ಲಿ ಕನ್‌ಫ್ಯೂಷಿಯಸ್ ಪರಂಪರೆಯ ಗ್ರಂಥಗಳು ಅಚ್ಚಾದದ್ದು, 971ರಲ್ಲಿ ಶುರುವಾದ ತ್ರಿಪಿಟಕಕ್ಕೆ (ಬೌದ್ಧ ಧರ್ಮಗ್ರಂಥಗಳ ಸಂಗ್ರಹ) ಸುಮಾರು 1,30,000 ಹಲಗೆ ಕೆತ್ತಿದ್ದು, ಎಲ್ಲವನ್ನೂ ಓದಿದ್ದೆ. ಆದರೆ ಮೊಳೆಯೊಂದನ್ನೇ ಹುಡುಕುತ್ತಿದ್ದವನಿಗೆ ಅದು ಮುದ್ರಣ ಅಂತಲೇ ಅನ್ನಿಸಲಿಲ್ಲ. ಗುಟೆನ್‌ಬರ್ಗ್ ಮಾಡಿದ್ದೇ ಮುದ್ರಣ, ಉಳಿದದ್ದೆಲ್ಲ ಅದರ ಪೂರ್ವತಯಾರಿ ಎಂದು ಮೊದಲೇ ತೀರ್ಮಾನಿಸಿಕೊಂಡಿದ್ದೆ. ನಿಮ್ಮ ಪ್ರಶ್ನೆಯೊಳಗೂ ಅದೇ ತೀರ್ಮಾನ ಕೂತಿದೆ.

ಮರದಚ್ಚಿನ ಕೆಲಸ ನೋಡಿ. ತೆಳು ಕಾಗದದ ಮೇಲೆ ಅಂದವಾಗಿ ಬರೆದು, ಅದನ್ನು ಬೋರಲಾಗಿ ಹಲಗೆಗೆ ಅಂಟಿಸುತ್ತಾರೆ. ಅಕ್ಷರ ತಿರುವುಮುರುವಾಗಿ ಕಾಣುತ್ತದೆ. ಸುತ್ತಲಿನ ಮರ ಕೆತ್ತಿ ತೆಗೆದು, ಮಸಿ ಬಳಿದು, ಕಾಗದ ಹಾಸಿ ಬೆನ್ನ ಮೇಲೆ ಬ್ರಷ್‌ನಿಂದ ಉಜ್ಜಿದರೆ ಮುಗಿಯಿತು. ಯಂತ್ರವೇ ಬೇಡ. ಇವತ್ತು 20 ಪ್ರತಿ ಸಾಕಾ? 20 ತೆಗೆದು ಹಲಗೆ ಎತ್ತಿಡಿ. ಹತ್ತು ವರ್ಷ ಬಿಟ್ಟು ಬೇಕಾದರೆ ಮತ್ತೆ 20. ಮೊಳೆಯಲ್ಲಿ ಹಾಗಾಗುವುದಿಲ್ಲ. ಪುಟ ಬಿಚ್ಚುವ ಮೊದಲೇ ಪ್ರತಿಗಳನ್ನೆಲ್ಲ ತೆಗೆಯಬೇಕು, ಅಷ್ಟೂ ಕಾಗದಕ್ಕೆ ಮೊದಲೇ ದುಡ್ಡು ಸುರಿಯಬೇಕು. ಎರಡು ಮೂರು ಪ್ರತಿಗೆ ಮೊಳೆಯಿಂದ ಲಾಭವಿಲ್ಲ ಎಂದು ಷೆನ್ ಕುವೊ ಕೂಡ ಬರೆದಿದ್ದಾನೆ.

'ಕೈಬಿಟ್ಟರು' ಅನ್ನುವುದೂ ಸರಿಯಲ್ಲ. 1313ರಲ್ಲಿ ವಾಂಗ್ ಝೆನ್ ಎಂಬ ಅಧಿಕಾರಿ ಮರದ ಮೊಳೆಗಳನ್ನು ತಿರುಗುವ ದುಂಡು ಮೇಜಿನ ಮೇಲೆ ಜೋಡಿಸಿಡುವ ಕ್ರಮ ವಿವರಿಸಿದ್ದಾನೆ. 1770ರ ದಶಕದಲ್ಲಿ ಬೀಜಿಂಗ್ ಅರಮನೆಯಲ್ಲಿ ಸುಮಾರು 2,50,000 ಮರದ ಮೊಳೆ ಮಾಡಿಸಿದರು. ಕೆಲವು ಕೆಲಸಕ್ಕೆ ಮೊಳೆ, ಉಳಿದಂತೆ ಹಲಗೆ. ನಮ್ಮಲ್ಲೂ 1817ರಲ್ಲೇ ಕನ್ನಡ ವ್ಯಾಕರಣವೊಂದು ಬಂಗಾಳದ ಸೆರಾಂಪುರದಲ್ಲಿ ಮೊಳೆಯಿಂದ ಅಚ್ಚಾಗಿತ್ತು. ಆದರೂ 1843ರ 'ಮಂಗಳೂರು ಸಮಾಚಾರ' ಬಂದದ್ದು ಕಲ್ಲಚ್ಚಿನಲ್ಲಿ (ಮೊಳೆಯಿಲ್ಲದೆ, ಕಲ್ಲಿನ ಮೇಲೆ ಬರೆದು ಅಚ್ಚು ತೆಗೆಯುವ ಲಿಥೋ). ಅದನ್ನು ಯಾರಾದರೂ ಸೋಲು ಅಂತಾರಾ?

ಹಾಗಾಗಿ ಈ ಪ್ರಶ್ನೆ ಬಿಡಿ, ಮರದಚ್ಚನ್ನೇ ತಗೊಳ್ಳಿ. 868ರ ಬೌದ್ಧ ಗ್ರಂಥ ವಜ್ರಸೂತ್ರದಿಂದ ಶುರು ಮಾಡಿ. ವಾಯವ್ಯ ಚೀನಾದ ಡುನ್‌ಹುವಾಂಗ್ ಗುಹೆಯಲ್ಲಿ ಸಿಕ್ಕ ಆ ಸುರುಳಿ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ, ಇಸವಿ ನಮೂದಾಗಿರುವ ಅಚ್ಚಿನ ಪುಸ್ತಕಗಳಲ್ಲಿ ಪೂರ್ತಿ ಉಳಿದಿರುವ ಅತಿ ಹಳೆಯದು. ಅಲ್ಲಿಂದ ಪರೀಕ್ಷೆಯ ಪುಸ್ತಕಗಳಿಗೆ, ಆಮೇಲೆ 1024ರಲ್ಲಿ ಸಿಚುವಾನ್‌ನಲ್ಲಿ ಸರ್ಕಾರವೇ ಹೊರಡಿಸಿದ ಕಾಗದದ ಹಣಕ್ಕೆ ಬನ್ನಿ. ಚೀನಾದಿಂದ ಯುರೋಪಿಗಾದ ಪ್ರಭಾವದ ಭಾಗಕ್ಕೆ ಮೊಳೆಗಿಂತ ಕಾಗದ ಗಟ್ಟಿ ವಿಷಯ. ಬಿ ಷೆಂಗ್‌ನಿಂದ ಗುಟೆನ್‌ಬರ್ಗ್‌ಗೆ ನೇರ ನಂಟು ತೋರಿಸುವ ದಾಖಲೆ ಇಲ್ಲ. ಕಾಗದ ಮಾತ್ರ ಸಮರ್ಕಂದ್, ಬಾಗ್ದಾದ್, ಸ್ಪೇನ್ ದಾಟಿ ಯುರೋಪಿಗೆ ಹೋದ ದಾರಿ ಸ್ಪಷ್ಟವಾಗಿದೆ. ಗುಟೆನ್‌ಬರ್ಗ್ ತೆಗೆದ ಸುಮಾರು 180 ಬೈಬಲ್‌ಗಳಲ್ಲಿ ಹೆಚ್ಚಿನವು ಕಾಗದದ ಮೇಲೇ ಇದ್ದವು. ಅವನ ಹೆಸರನ್ನು ಅಲ್ಲಿಯವರೆಗೆ ಎತ್ತಲೇಬೇಡಿ.