ಹುಳು ಸಾಯುವ ಮೆಕ್ಕೆಜೋಳ ನಾವು ತಿನ್ನಬಹುದೇ?

ಪ್ರಿಯ ಓದುಗರೇ,

ಕುಲಾಂತರಿ ಮೆಕ್ಕೆಜೋಳದ ಬಗ್ಗೆ ನೀವು ಕೇಳಿದ್ದೀರಿ: ‘ಕಡಿದ ಹುಳು ಸಾಯುತ್ತದೆ ಅಂದಮೇಲೆ, ಅದನ್ನೇ ತಿನ್ನುವ ನಮಗೆ, ದನ-ಕೋಳಿಗೆ ಏನೂ ಆಗುವುದಿಲ್ಲ ಎಂದು ನೋಡಿದವರು ಯಾರು? ಕಂಪನಿಯವರೇ ಅಲ್ವಾ?’ ಎರಡೂ ಕೇಳಲೇಬೇಕಾದ ಪ್ರಶ್ನೆಗಳು.

ಹುಳುವನ್ನು ಕೊಲ್ಲುವುದು ಬಿಟಿ ಪ್ರೋಟೀನ್. ಮಣ್ಣಿನಲ್ಲಿರುವ ಬ್ಯಾಸಿಲಸ್ ತುರಿಂಜಿಯೆನ್ಸಿಸ್ (ಬಿಟಿ) ಎಂಬ ಬ್ಯಾಕ್ಟೀರಿಯಾದಿಂದ ಅದನ್ನು ತಯಾರಿಸುವ ವಂಶವಾಹಿಯನ್ನು ತೆಗೆದು ಗಿಡಕ್ಕೆ ಸೇರಿಸಿರುತ್ತಾರೆ. ಕಾಂಡ ಕೊರೆಯುವ ಹುಳುವಿನ ಕರುಳಿನಲ್ಲಿ ಈ ಪ್ರೋಟೀನ್ ಅಂಟಿಕೊಳ್ಳುವ ಜಾಗಗಳಿವೆ. ಅಲ್ಲಿ ಅಂಟಿ, ಕರುಳಿಗೆ ತೂತು ಕೊರೆಯುತ್ತದೆ. ನಮ್ಮ ಕರುಳಿನಲ್ಲಿ ಅಂಥ ಜಾಗಗಳು ಕಂಡುಬಂದಿಲ್ಲ. ಇಷ್ಟಕ್ಕೇ ಸುಮ್ನೆ ಒಪ್ಪಿಗೆ ಕೊಡುವುದಿಲ್ಲ, ಕೊಡಲೂಬಾರದು.

ಹೊಟ್ಟೆಯಲ್ಲಿರುವಂಥ ಆಮ್ಲ, ಪ್ರೋಟೀನ್ ಒಡೆಯುವ ಪೆಪ್ಸಿನ್ ಎಂಬ ಕಿಣ್ವ ಬೆರೆತ ದ್ರವದಲ್ಲಿ ಪ್ರೋಟೀನ್ ಎಷ್ಟು ಬೇಗ ಒಡೆಯುತ್ತದೆ ಎಂದು ನೋಡುತ್ತಾರೆ. ಅಲರ್ಜಿ ತರುವ ಪ್ರೋಟೀನುಗಳಿಗೆ ಹೋಲಿಕೆ ಇದೆಯೇ ಎಂದು ಹುಡುಕುತ್ತಾರೆ. ಕಾಳಿನ ಕೊಬ್ಬು, ನಾರು, ಅಮೈನೋ ಆಮ್ಲಗಳನ್ನು ಮಾಮೂಲಿ ಮೆಕ್ಕೆಜೋಳದ ಜೊತೆ ಹೋಲಿಸುತ್ತಾರೆ. ಆ ಜೋಳ ಬೆರೆಸಿದ ಆಹಾರವನ್ನು ಇಲಿಗಳಿಗೆ 90 ದಿನ ತಿನ್ನಿಸಿ ನೋಡಬೇಕು ಎಂದು 2013ರಲ್ಲಿ ಐರೋಪ್ಯ ಒಕ್ಕೂಟ ನಿಯಮ ಮಾಡಿತು.

ಇದರಲ್ಲಿ ಹೆಚ್ಚಿನವರು ಗಮನಿಸದ ಒಂದು ಸಂಗತಿಯಿದೆ. ಪ್ರೋಟೀನನ್ನೇ ಬೇರೆಯಾಗಿ ಇಲಿಗಳಿಗೆ ಜಾಸ್ತಿ ಪ್ರಮಾಣದಲ್ಲಿ ಕೊಡಬೇಕಾದಾಗ, ಕಾಳಿನಿಂದ ಅಷ್ಟು ತೆಗೆಯುವುದು ಕಷ್ಟ. ಹಾಗಾಗಿ ಸಾಮಾನ್ಯವಾಗಿ ಈ.ಕೋಲಿ ಬ್ಯಾಕ್ಟೀರಿಯಾದಲ್ಲಿ ಅದನ್ನು ತಯಾರಿಸುತ್ತಾರೆ. ಅಂದರೆ ಇಲಿ ತಿಂದದ್ದು ಗಿಡದ ಪ್ರೋಟೀನ್ ಅಲ್ಲ. ಎರಡೂ ಒಂದೇ ಎಂದು ಅದರ ಗಾತ್ರ, ರಚನೆ, ಹುಳು ಕೊಲ್ಲುವ ಶಕ್ತಿ ಎಲ್ಲವನ್ನೂ ಅಳೆದು ತೋರಿಸಬೇಕು. ಇದು ಸಡಿಲವಾದರೆ ಆ ಪ್ರಯೋಗಕ್ಕೆ ಬೆಲೆಯಿಲ್ಲ.

‘ಮೇವಿಗೆ ಮಾತ್ರ’ ಎಂಬ ಒಪ್ಪಿಗೆಯನ್ನು ನಾನು ನಂಬುವುದಿಲ್ಲ. ಅಮೆರಿಕದಲ್ಲಿ 1998ರಲ್ಲಿ ಸ್ಟಾರ್‌ಲಿಂಕ್ ಎಂಬ ಬಿಟಿ ಮೆಕ್ಕೆಜೋಳಕ್ಕೆ ಹಾಗೇ ಒಪ್ಪಿಗೆ ಕೊಟ್ಟಿದ್ದರು. ಅದರ ಪ್ರೋಟೀನ್ ಬೇಗ ಜೀರ್ಣವಾಗುತ್ತಿರಲಿಲ್ಲ, ಅಲರ್ಜಿಯ ಅನುಮಾನವಿತ್ತು. 2000ದಲ್ಲಿ ಅದು ಜನ ತಿನ್ನುವ ಟಾಕೋ ಎಂಬ ಮೆಕ್ಕೆಜೋಳದ ರೊಟ್ಟಿಯಂಥ ತಿಂಡಿಯಲ್ಲೇ ಸಿಕ್ಕಿತು. ಅಲರ್ಜಿಯಾಯಿತು ಎಂದವರ ರಕ್ತ ಪರೀಕ್ಷಿಸಿದಾಗ ಈ ಪ್ರೋಟೀನೇ ಕಾರಣ ಎನ್ನುವುದಕ್ಕೆ ಪುರಾವೆ ಸಿಗಲಿಲ್ಲ, ನಿಜ. ಆದರೆ ಕಣಜದಲ್ಲಿ, ಲಾರಿಯಲ್ಲಿ ಕಾಳು ಬೆರೆಯದಂತೆ ತಡೆಯಲು ಆಗಲಿಲ್ಲ.

ಇನ್ನು ಕಂಪನಿಯ ಮಾತು. ಹೌದು, ಅಧ್ಯಯನಗಳ ಖರ್ಚು ಅರ್ಜಿ ಹಾಕುವವರದೇ. ತಜ್ಞರ ಸಮಿತಿ ಅದನ್ನು ಪರಿಶೀಲಿಸುತ್ತದೆ, ಸಾಲದಿದ್ದರೆ ಮತ್ತಷ್ಟು ಮಾಹಿತಿ ಕೇಳುತ್ತದೆ. ಹೀಗೆ ಪೂರ್ತಿ ಪರೀಕ್ಷೆ ದಾಟಿದ ಜೋಳವನ್ನು ತಿನ್ನಲು ನನಗೆ ಹಿಂಜರಿಕೆಯಿಲ್ಲ. ಆದರೆ ಅಂಕಿಅಂಶ ಮುಚ್ಚಿಡುವುದನ್ನು ಒಪ್ಪಲಾರೆ. ಐರೋಪ್ಯ ಒಕ್ಕೂಟದಲ್ಲಿ 2021ರ ಮಾರ್ಚ್‌ನಿಂದ ಕಂಪನಿಯು ಅಧ್ಯಯನ ಶುರುವಾಗುವ ಮೊದಲೇ ಅಲ್ಲಿನ ಆಹಾರ ಸುರಕ್ಷತಾ ಸಂಸ್ಥೆಗೆ ತಿಳಿಸಬೇಕು, ಅರ್ಜಿಯ ಜೊತೆ ಕೊಟ್ಟ ಅಧ್ಯಯನಗಳನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸುತ್ತಾರೆ. ಈ ನಿಯಮ ಎಲ್ಲ ದೇಶಗಳಲ್ಲೂ ಬರಬೇಕು.

– ಸಂಪಾದಕ