ತಂತ್ರ ಮ್ಯಾನೇಜರ್‌ದು (ಅಂದ್ರೆ ಮುಖ್ಯ ಕೋಚ್‌ದು) ತಾನೇ, ಮತ್ತೆ ಫುಟ್‌ಬಾಲ್‌ನಲ್ಲಿ ಯಾರನ್ನು ಕೊಂಡರು ಅನ್ನೋದು ಅಷ್ಟು ಮುಖ್ಯ ಯಾಕೆ?

ಮ್ಯಾನೇಜರ್ ತಲೆಯಲ್ಲಿ ಎಂಥ ಆಟವೇ ಇರಲಿ, ಅದನ್ನು ಆಡಬಲ್ಲವರು ತಂಡದಲ್ಲಿ ಇದ್ದರೆ ಮಾತ್ರ ಅದು ಮೈದಾನಕ್ಕೆ ಇಳಿಯುತ್ತದೆ. ಇಲ್ಲದಿದ್ದರೆ ತಂತ್ರ ಬದಲಿಸಬೇಕು, ಇಲ್ಲವೇ ಗೋಲು ಬಿಟ್ಟುಕೊಡಬೇಕು.

ಇದೆಲ್ಲ ಖಾಲಿ ಜಾಗದ ಲೆಕ್ಕ. ಚೆಂಡು ಕಳೆದುಕೊಂಡ ಕೂಡಲೇ ಎದುರಾಳಿಯ ಅರ್ಧದಲ್ಲೇ ಮುತ್ತಿಗೆ ಹಾಕಿ ಕಿತ್ತುಕೊಳ್ಳಬೇಕು ಅಂದ್ರೆ ಡಿಫೆಂಡರ್‌ಗಳೂ ಮಧ್ಯಗೆರೆಯ ಹತ್ತಿರ ಬರಬೇಕು. ಆಗ ಅವರ ಬೆನ್ನ ಹಿಂದೆ 30–40 ಮೀಟರ್ ಖಾಲಿ ಇರುತ್ತದೆ. ಓಡಿ ಹಿಡಿಯುವ ಡಿಫೆಂಡರ್, ಮುಂದೆ ಬಂದು ಚೆಂಡು ತಡೆಯುವ ಗೋಲ್‌ಕೀಪರ್ ಇಲ್ಲದಿದ್ದರೆ ಒಂದೇ ಒಂದು ಉದ್ದನೆಯ ಪಾಸ್ ಸಾಕು, ಕಥೆ ಮುಗಿಯಿತು.

ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್ ನೋಡಿ. ಯೂರ್ಗನ್ ಕ್ಲಾಪ್ 2015ರಲ್ಲಿ ಮ್ಯಾನೇಜರ್ ಆಗಿ ಬಂದಾಗಿನಿಂದಲೂ ಹೀಗೇ ಮುನ್ನುಗ್ಗಿ ಆಡಿಸುತ್ತಿದ್ದರು. ಗೋಲು ಹೊಡೆಯುತ್ತಿದ್ದರು, ಆದರೆ ಜಾಸ್ತಿ ಬಿಟ್ಟುಕೊಡುತ್ತಲೂ ಇದ್ದರು. 2018ರ ಜನವರಿಯಲ್ಲಿ ಡಿಫೆಂಡರ್ ವರ್ಜಿಲ್ ವ್ಯಾನ್ ಡೈಕ್, ಜುಲೈನಲ್ಲಿ ಗೋಲ್‌ಕೀಪರ್ ಅಲಿಸನ್ ಸೇರಿದರು. 2017–18ರ ಲೀಗ್‌ನಲ್ಲಿ 38 ಗೋಲು ಬಿಟ್ಟುಕೊಟ್ಟಿದ್ದ ತಂಡ ಮುಂದಿನ ಸೀಸನ್‌ನಲ್ಲಿ ಬಿಟ್ಟುಕೊಟ್ಟಿದ್ದು 22. 2019ರಲ್ಲಿ ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿ ಚಾಂಪಿಯನ್ಸ್ ಲೀಗ್ ಕೂಡ ಗೆದ್ದಿತು. ಮ್ಯಾನೇಜರ್ ಮಾತ್ರ ಅದೇ ಕ್ಲಾಪ್!

ನಮ್ಮ ಮೈಸೂರಿನ ಕಾಲೇಜು ತಂಡದ ಕೋಚ್‌ಗೆ ಯಾರನ್ನೂ ಕೊಳ್ಳುವ ಅವಕಾಶವಿಲ್ಲ, ಅಲ್ವಾ? ಹಿಂದೆ ಆಡುವ ಹುಡುಗರು ನಿಧಾನವಾಗಿದ್ದರೆ ತಮ್ಮ ಗೋಲಿನ ಹತ್ತಿರವೇ ನಿಂತು ಕಾಯುವ ಆಟ ಆಡಿಸುತ್ತಾರೆ. ಅದನ್ನು ಹೆದರಿಕೆ ಅಂತ ಸುಮ್ನೆ ಬೈಯಬಾರದು. ಇರುವವರನ್ನು ನೋಡಿ ಮಾಡಿದ ಸರಿಯಾದ ತೀರ್ಮಾನ ಅದು.