ಸೀಸ ಕೂತ ಹೊಲಕ್ಕೆ ಸಾಸಿವೆ ಬಿತ್ತುವ ಮೊದಲು

ಅಣ್ಣಾ, ಬೈರಮಂಗಲ ಕಾಲುವೆ ಪಕ್ಕದ ನಿಮ್ಮ ಒಂದು ಎಕರೆಯ ಮಣ್ಣಿನಲ್ಲಿ ಕೆ.ಜಿ.ಗೆ 400 ಮಿಲಿಗ್ರಾಂ ಸೀಸ ಬಂದಿದೆ, ಎರಡು ವರ್ಷ ಸಾಸಿವೆ ಬಿತ್ತಿದರೆ ಹೋಗುತ್ತದೆಯೇ ಎಂದು ಕೇಳಿದ್ದೀರಿ. ಹೋಗುವುದಿಲ್ಲ. ಗಿಡ ಸೀಸವನ್ನು ಕರಗಿಸಿ ಇಲ್ಲವಾಗಿಸುವುದಿಲ್ಲ. ಮಣ್ಣಿನಿಂದ ಎತ್ತಿ ತನ್ನ ಮೈಯಲ್ಲಿ ಇಟ್ಟುಕೊಳ್ಳುತ್ತದೆ, ಅದೂ ಚೂರುಪಾರು.

ಲೆಕ್ಕ ಹಾಕಿಯೇ ನೋಡೋಣ. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣು ಸುಮಾರು 9 ಲಕ್ಷ ಕೆ.ಜಿ. ತೂಗುತ್ತದೆ. 400ನ್ನು 200ಕ್ಕೆ ಇಳಿಸಬೇಕೆಂದರೆ 180 ಕೆ.ಜಿ. ಸೀಸ ಹೊರಗೆ ಹೋಗಬೇಕು. ಸಾಸಿವೆಯ ಒಣಸೊಪ್ಪು ಎಕರೆಗೆ 2,500 ಕೆ.ಜಿ. ಬಂದು, ಪ್ರತಿ ಕೆ.ಜಿ.ಯಲ್ಲಿ 200 ಮಿಲಿಗ್ರಾಂ ಸೀಸ ಇತ್ತು ಎಂದು ಧಾರಾಳವಾಗಿ ಹಿಡಿದರೂ ಒಂದು ಬೆಳೆಗೆ ಹೋಗುವುದು ಅರ್ಧ ಕೆ.ಜಿ. ವರ್ಷಕ್ಕೆ ಎರಡು ಬೆಳೆ ತೆಗೆದರೂ 180 ವರ್ಷ! ಇಡಿಟಿಎ ಎಂಬ ರಾಸಾಯನಿಕ ಹಾಕಿದರೆ ಗಿಡ ಹೆಚ್ಚು ಹೀರುತ್ತದೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಹೀರುವುದು ನಿಜ, ಆದರೆ ಹಾಗೆ ಸಡಿಲವಾದ ಸೀಸದಲ್ಲಿ ಗಿಡಕ್ಕೆ ಸಿಗದ ಪಾಲು ನಿಮ್ಮ ಕೊಳವೆಬಾವಿಯ ಕಡೆಗೆ ಇಳಿಯುತ್ತದೆ.

ಅಣು ದುರಂತ ನಡೆದ ಚೆರ್ನೋಬಿಲ್‌ನಲ್ಲಿ ಸೂರ್ಯಕಾಂತಿ ವಿಷ ಹೀರಿತಲ್ಲ ಎಂಬ ಮಾತನ್ನೂ ಎತ್ತಿದ್ದೀರಿ. ಅಲ್ಲಿ ಗಿಡಗಳನ್ನು ತೆಪ್ಪದ ಮೇಲೆ ಬೆಳೆಸಿ ಬೇರುಗಳನ್ನು ಕೊಳದ ನೀರಿಗೆ ಇಳಿಬಿಟ್ಟಿದ್ದರು; ಹೀರಿದ್ದು ಸೀಸಿಯಂ ಮತ್ತು ಸ್ಟ್ರಾನ್ಷಿಯಂ ಎಂಬ ವಿಕಿರಣ ಧಾತುಗಳನ್ನು, ಸೀಸವನ್ನಲ್ಲ. ನೀರಿನ ಮಾತೇ ಬೇರೆ, ಮಣ್ಣಿನ ಮಾತೇ ಬೇರೆ. ಮಣ್ಣಿನಿಂದಲೇ ಚೆನ್ನಾಗಿ ಎಳೆಯುವ ಗಿಡ ಇಲ್ಲವೆಂದಲ್ಲ. ಟೆರಿಸ್ ವಿಟಾಟಾ ಎಂಬ ಜರಿಗಿಡಕ್ಕೆ ಆ ಶಕ್ತಿ ಇರುವುದು 2001ರಲ್ಲಿ ಫ್ಲಾರಿಡಾದಿಂದ ವರದಿಯಾಯಿತು. ಆದರೆ ಅದು ಎಳೆಯುವುದು ಆರ್ಸೆನಿಕ್; ನಿಮ್ಮ ಸೀಸಕ್ಕೆ ಮದ್ದಲ್ಲ.

ಸೀಸವನ್ನು ತೆಗೆಯುವ ಯೋಚನೆ ಬಿಟ್ಟು ಅಲ್ಲೇ ಕಟ್ಟಿಹಾಕಿ. ಮೊದಲು ಕಾಲುವೆಗೆ ಬರುವ, ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿ ನದಿಯ ನೀರು ಹಾಯಿಸುವುದನ್ನು ನಿಲ್ಲಿಸಬೇಕು. ಆ ನೀರು ಬರುತ್ತಿರುವವರೆಗೆ ಉಳಿದದ್ದೆಲ್ಲ ವ್ಯರ್ಥ. ಮಣ್ಣಿನ ಹುಳಿ-ಕ್ಷಾರದ ಅಳತೆಯಾದ ರಸಸಾರ (ಪಿಎಚ್) 6.5ಕ್ಕಿಂತ ಕೆಳಗಿದ್ದರೆ ಸುಣ್ಣ ಹಾಕಿ, ಕೊಟ್ಟಿಗೆ ಗೊಬ್ಬರ ಚೆನ್ನಾಗಿ ಕೊಡಿ. ನಗರದ ಕಸದ ಗೊಬ್ಬರ ಬೇಡ, ಅದರಲ್ಲೇ ಲೋಹ ಇರಬಹುದು. ಕಾಲುವೆ ಬದಿಗೆ ಲಾವಂಚ ಹಾಕಿ. ನಮ್ಮ ಬದುವಿನಲ್ಲಿ ಹಾಕಿದ ಬುಡವನ್ನು ಕಳೆದ ಬೇಸಿಗೆಯಲ್ಲಿ ಹಾರೆ ಹಾಕಿ ಮೀಟಿದೆ. ಬೇರು ಮಣ್ಣನ್ನು ಬಿಡಲೇ ಇಲ್ಲ, ಹೆಂಟೆ ಹೆಂಟೆಯಾಗಿಯೇ ಎದ್ದುಬಂತು. ಲಾವಂಚ ಸೀಸದ ಬಹುಪಾಲನ್ನು ಬೇರಿನಲ್ಲೇ ಹಿಡಿದಿಡುತ್ತದೆ. ಅದಕ್ಕೇ ಒಂದು ಮಾತು: ಆ ಬೇರನ್ನು ಎಂದಿಗೂ ಮಾರಬೇಡಿ. ಜನ ಅದನ್ನು ಕುಡಿಯುವ ನೀರಿನ ಗಡಿಗೆಗೆ ಹಾಕುತ್ತಾರೆ.

ಸೊಪ್ಪು, ಮೂಲಂಗಿ, ಮೇವು ಮೂರೂ ಅಲ್ಲಿ ಬೇಡ. ಚೆಂಡುಹೂವೋ ಮರಗಳೋ ಇರಲಿ. ಮಕ್ಕಳನ್ನು ಆ ಮಣ್ಣಿನಲ್ಲಿ ಆಡಲು ಬಿಡಬೇಡಿ; ಸೀಸ ಸೊಪ್ಪಿಗಿಂತ ಕೈಗೆ ಅಂಟಿದ ಧೂಳಿನಿಂದಲೇ ಹೊಟ್ಟೆಗೆ ಹೋಗುವುದು ಹೆಚ್ಚು.

ಮಣ್ಣು ಆರೋಗ್ಯ ಚೀಟಿಯಲ್ಲಿ ಸತು, ತಾಮ್ರ ಇರುತ್ತವೆ. ಸೀಸ, ಕ್ಯಾಡ್ಮಿಯಂ ಇರುವುದಿಲ್ಲ. ನೀವು ಸೀಸವನ್ನು ಬೇರೆಯಾಗಿ ನೋಡಿಸಿದ್ದು ಒಳ್ಳೆಯದಾಯಿತು. ಕ್ಯಾಡ್ಮಿಯಂ ಕೂಡ ನೋಡಿಸಿದ್ದೀರಾ? ಅದು ಸೀಸಕ್ಕಿಂತ ಬಹಳ ಸುಲಭವಾಗಿ ಎಲೆಗೆ ಏರುತ್ತದೆ. ಆ ಅಂಕಿಯನ್ನೂ ರಸಸಾರವನ್ನೂ ಇಲ್ಲಿ ಬರೆಯಿರಿ, ಸುಣ್ಣದ ಪ್ರಮಾಣ ಲೆಕ್ಕ ಹಾಕೋಣ.